ರಾಗಿ ಚೀಲದ ಕ್ಯಾಚು: ಮೂರು ತಿಂಗಳ ಲೆಕ್ಕ

ಮೇ, ಮೊದಲ ವಾರ

ಶುರುವಾಗಿದ್ದು ಮಗಳ ಮೂಗಿಗೆ ಬಿದ್ದ ಪೆಟ್ಟಿನಿಂದ. ಬೇಸಿಗೆ ರಜೆ, ಹಾಸನದ ನಮ್ಮ ಮನೆ ತಾರಸಿ, ಸಂಜೆ ಐದೂವರೆ. 4 ವರ್ಷದ ಪುಟ್ಟಿಗೆ 'ಹಿಡಿ' ಅಂತ ಟೆನಿಸ್ ಬಾಲ್ ಎಸೆದೆ. ಮೆಲ್ಲಗೇ ಎಸೆದೆ, ದೇವರಾಣೆ. ಅವಳು ಎರಡೂ ಕೈ ಕೋಲಿನ ಹಾಗೆ ನೆಟ್ಟಗೆ ಚಾಚಿ ನಿಂತಿದ್ದಳು, ಬಾಲು ಆ ಎರಡು ಕೈಗಳ ಮಧ್ಯೆ ನುಸುಳಿ ಸೀದಾ ಮೂಗಿಗೆ ಹೋಗಿ ಬಿತ್ತು. ಟೆನಿಸ್ ಬಾಲ್ ತೂಕ 58 ಗ್ರಾಂ ಆಸುಪಾಸು, ರಕ್ತ ಗಿಕ್ತ ಏನೂ ಬರಲಿಲ್ಲ. ಆದರೆ ಮಾರನೇ ದಿನದಿಂದ ನಾನು ಕೈ ಎತ್ತಿದರೆ ಸಾಕು, ಮುಖ ಪಕ್ಕಕ್ಕೆ ತಿರುಗಿಸಿ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಕಣ್ಣೇ ಮುಚ್ಚಿದ ಮೇಲೆ ಹಿಡಿಯೋದೆಲ್ಲಿ ಬಂತು?

ಅವ್ವ ಆಗ ಒಣಗಿದ ಸಂಡಿಗೆ ಎತ್ತಿಡುತ್ತಿದ್ದಳು. ತಲೆ ಎತ್ತದೆ ಒಂದೇ ಮಾತು ಕೇಳಿದಳು: "ಮಗೀಗೆ ಎಸೀತಿದ್ದೀಯೋ, ಮಗೀನ ಮೇಲೆ ಎಸೀತಿದ್ದೀಯೋ?"

ಆ ಮಾತು ಚುಚ್ಚಿತು. ಅವತ್ತೇ ಒಂದು ಹಳೇ ನೋಟ್‌ಬುಕ್ ತೆಗೆದು ಲೆಕ್ಕ ಬರೆಯಲು ಶುರು ಮಾಡಿದೆ. ಹತ್ತು ಎಸೆದರೆ ಎಷ್ಟು ಹಿಡಿದಳು, ಯಾಕೆ ಬಿಟ್ಟಳು, ಅಷ್ಟೇ.

ಮೇ, ಎರಡನೇ ವಾರ

ಮೊದಲು ಗೊತ್ತಾಗಿದ್ದು ನನ್ನದೇ ದಡ್ಡತನ. ಸಂಜೆ ಹೊತ್ತಲ್ಲಿ ಅವಳನ್ನು ಪಡುವಣಕ್ಕೆ ಮುಖ ಮಾಡಿ ನಿಲ್ಲಿಸಿದ್ದೆ. ಬಿಸಿಲು ನೇರ ಕಣ್ಣಿಗೆ, ಬಾಲು ಬಂದಿದ್ದು ಆ ಬಿಸಿಲೊಳಗಿಂದ. ಈಗ ಬಿಸಿಲಿಗೆ ಬೆನ್ನು ಕೊಟ್ಟು ನಿಲ್ಲಿಸುತ್ತೇನೆ. ನನ್ನ ಹಿಂದೆ ನೀರಿನ ಟ್ಯಾಂಕಿನ ಕಪ್ಪು, ಕೈಯಲ್ಲಿ ಹಳದಿ ಬಾಲು. ಎದ್ದು ಕಾಣುತ್ತೆ.

ಎರಡನೇದು, ವಯಸ್ಸು. 3 ವರ್ಷದ ಮಕ್ಕಳು ಕೈ ಚಾಚಿ ಸುಮ್ನೆ ನಿಲ್ಲುತ್ತವೆ, ಬಂದಿದ್ದನ್ನು ಎದೆಗೆ ಅವಚಿಕೊಳ್ಳುತ್ತವೆ. 4ರಲ್ಲೂ ಹೆಚ್ಚುಕಡಿಮೆ ಹಾಗೇ. ಎದೆಗೆ ತಾಗಿಸದೆ ಬರೀ ಕೈಯಲ್ಲಿ ಹಿಡಿಯೋದು 5, 6 ದಾಟುವಾಗ ಬರೋದು, ಕೆಲವರಿಗೆ ಇನ್ನೂ ತಡ. ನಾನು ಅವಳಿಂದ ಎರಡು ವರ್ಷ ಮುಂದಿನ ಕೆಲಸ ಕೇಳುತ್ತಿದ್ದೆ. ಸರಿ, ಅವಚಿಕೊಳ್ಳೋದೂ ಕ್ಯಾಚೇ ಅಂತ ನೋಟ್‌ಬುಕ್ಕಿನಲ್ಲಿ ಒಪ್ಪಿಕೊಂಡೆ.

ಕಣ್ಣು ತೆರೆಸಬೇಕಲ್ಲ, ಅದಕ್ಕೆ ಬಲೂನು ತಂದೆ. ಮೆಲ್ಲಗೆ ತೇಲಿಕೊಂಡು ಬರುತ್ತೆ, ತಾಗಿದರೂ ನೋವಿಲ್ಲ. ಎರಡು ದಿನ ಚೆನ್ನಾಗಿ ನಡೀತು. ಮೂರನೇ ದಿನ ಬಲೂನು ಒಡೆಯಿತು, ಪಕ್ಕದ ಮನೆಯ ಒಂದೂವರೆ ವರ್ಷದ ಕೂಸು ತೆವಳಿಕೊಂಡು ಬಂದು ಆ ರಬ್ಬರ್ ಚೂರನ್ನು ಬಾಯಿಗಿಟ್ಟುಕೊಳ್ಳೋದರಲ್ಲಿತ್ತು. ಹೆಂಡತಿ ಹಾರಿ ಕಿತ್ತುಕೊಂಡಳು. ಆ ಚೂರು ಗಂಟಲಿಗೆ ಅಂಟಿಕೊಂಡರೆ ಉಸಿರು ಕಟ್ಟುತ್ತೆ, ತೆಗೆಯೋದೂ ಕಷ್ಟ. ಬಲೂನು ಅವತ್ತಿಗೆ ಬಂದ್.

ಬದಲಿಗೆ ಹಳೇ ಶಿಫಾನ್ ದುಪಟ್ಟಾದಿಂದ ಕರ್ಚೀಫ್ ಗಾತ್ರದ ಎರಡು ತುಂಡು ಕತ್ತರಿಸಿದೆ. ಮೇಲೆ ತೂರಿದರೆ ಗಾಳಿಯಲ್ಲಿ ಬಿಚ್ಚಿಕೊಂಡು ನಿಧಾನ ಇಳಿಯುತ್ತೆ. ಮಗು ಬಟ್ಟೆಯನ್ನೇ ನೋಡುತ್ತಾ ಅದರ ಹಿಂದೆ ಹೋಗುತ್ತೆ, ಮೇಲಿಂದ ಬೆಕ್ಕಿನ ಹಾಗೆ ಪಕ್ಕನೆ ಹಿಡಿಯುತ್ತೆ. ಹತ್ತಕ್ಕೆ ಒಂಬತ್ತು! ಅದಕ್ಕಿಂತ ದೊಡ್ಡ ಲಾಭ, ಕಣ್ಣು ತೆರೆದೇ ಇತ್ತು.

ಮೇ ಕೊನೆ

ರಾಗಿ ಚೀಲ ಬಂತು. ಹಳೇ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ, ನನ್ನ ಅಂಗೈ ಅಗಲಕ್ಕೆ ಅವ್ವ ಎರಡು ಹೊಲಿಗೆ ಹಾಕಿ ಹೊಲಿದು ಕೊಟ್ಟಳು. ಒಳಗೆ 100 ಗ್ರಾಂ ರಾಗಿ. ಪೂರ್ತಿ ತುಂಬಿಸಿಲ್ಲ, ಮುಕ್ಕಾಲು ಮಾತ್ರ. ಬಿಗಿ ತುಂಬಿದರೆ ಕಲ್ಲಿನ ಹಾಗೆ ಆಗುತ್ತೆ. ಸಡಿಲ ಇದ್ದರೆ ಕೈಗೆ ಬಿದ್ದ ತಕ್ಷಣ ರಾಗಿ ಸರಿದು ಬೆರಳಿನ ಸಂದಿಗೆಲ್ಲ ಕೂತುಕೊಳ್ಳುತ್ತೆ, ಪುಟಿಯಲ್ಲ, ಉರುಳಿ ಚರಂಡಿಗೂ ಹೋಗಲ್ಲ. ಬಾಲ್ ಹುಡುಕೋ ಸಮಯ ಉಳೀತು ಅಂದರೆ ಅರ್ಧ ಗೆದ್ದ ಹಾಗೆ.

ಕೈ ಹೇಗಿಡಬೇಕು ಅಂತ ಹೇಳಲು ನಾನು ಪಟ್ಟ ಪಾಡು ಬೇಡ. 'ಬೆರಳು ಅಗಲಿಸು', 'ಮೊಣಕೈ ಮಡಿಸು', ಒಂದೂ ತಲೆಗೆ ಹೋಗಲಿಲ್ಲ. ಕೊನೆಗೆ ಹೆಂಡತಿ "ಪುಟ್ಟಿ, ದೇವಸ್ಥಾನದಲ್ಲಿ ಪ್ರಸಾದಕ್ಕೆ ಕೈ ಒಡ್ತೀಯಲ್ಲ, ಹಾಗಿಡು" ಅಂದಳು. ತಟ್ಟನೆ ಬೊಗಸೆ ಬಂತು! ಕಿರುಬೆರಳಿಗೆ ಕಿರುಬೆರಳು ಕೂಡಿದೆ, ಮೊಣಕೈ ಮಡಿಸಿದೆ, ಬೆರಳ ತುದಿ ಬಾಲಿನ ಕಡೆ ಚುಚ್ಚಿಕೊಂಡಿಲ್ಲ. ಎದೆಗಿಂತ ಕೆಳಗೆ ಬರುವುದಕ್ಕೆಲ್ಲ ಇದೇ ಕೈ. ಎದೆಗಿಂತ ಮೇಲೆ ಬಂದರೆ ಹೆಬ್ಬೆರಳಿಗೆ ಹೆಬ್ಬೆರಳು ಕೂಡಿಸಿ, ಬೆರಳು ಆಕಾಶಕ್ಕೆ. ಅದು ಅವಳಿಗೆ ಇನ್ನೂ ಬೇಡ.

3 ಅಡಿ ದೂರದಿಂದ ಕೆಳಗೈಯಲ್ಲಿ ಎಸೆದರೆ ಹತ್ತಕ್ಕೆ ನಾಲ್ಕು. ವಾರದ ಕೊನೆಗೆ ಏಳು.

ಇನ್ನೊಂದು ವಿಷಯ. 'ಪುಟ್ಟಿ' ಅಂತ ಕರೆದು, ಅವಳು ನನ್ನನ್ನು ನೋಡಿ 'ಹ್ಞೂ' ಅಂದ ಮೇಲೇ ಎಸೆಯೋದು ಅಂತ ನನಗೆ ನಾನೇ ಕಟ್ಟಳೆ ಹಾಕಿಕೊಂಡೆ. ಹಿಂದಿನ ವಾರಗಳ ಲೆಕ್ಕ ತೆಗೆದು ನೋಡಿದರೆ, ಬಿಟ್ಟಿದ್ದರಲ್ಲಿ ಜಾಸ್ತಿ ಅವಳು ಕಾಗೆ ನೋಡುವಾಗಲೋ, ಲಂಗ ಸರಿಮಾಡಿಕೊಳ್ಳುವಾಗಲೋ ನಾನು ಎಸೆದದ್ದು. ಅವ್ವ ಕೇಳಿದ್ದು ಸರಿಯಾಗೇ ಇತ್ತು.

ಅಷ್ಟರಲ್ಲಿ ಅಕ್ಕನ ಮಗ ಸಕಲೇಶಪುರದಿಂದ ಬಂದ. ಅವನಿಗೆ 7. ರಾಗಿ ಚೀಲ ನೋಡಿ ನಕ್ಕ. "ಮಾವ, ಲೆದರ್ ಬಾಲ್ ಇಲ್ವಾ?" ಲೆದರ್ ಬಾಲ್ 156ರಿಂದ 163 ಗ್ರಾಂ, ಟೆನಿಸ್ ಬಾಲಿನ ಮೂರರಷ್ಟು ಹತ್ತಿರ ಹತ್ತಿರ. ಕೊಡಲಿಲ್ಲ. ಜಾವಗಲ್ ನಮ್ಮ ಅರಸೀಕೆರೆ ತಾಲ್ಲೂಕಿನ ಊರೇ ಇರಬಹುದು, ಹಾಗಂತ ಜಿಲ್ಲೆಯ ಮಕ್ಕಳೆಲ್ಲ ಶ್ರೀನಾಥ್ ಆಗಿ ಹುಟ್ಟಲ್ಲ. ಇವನ ಬಲಗೈ ಉಂಗುರದ ಬೆರಳು ಹೋದ ತಿಂಗಳಷ್ಟೇ ಬಾಲು ಬಡಿದು ಊದಿಕೊಂಡಿತ್ತಂತೆ. ನೋಡಿದರೆ ಕಾರಣ ಎದುರಿಗೇ ಇದೆ: ಬೆರಳೆಲ್ಲ ಬಾಲಿನ ಕಡೆ ತುದಿ ಮಾಡಿ ನಿಲ್ಲುತ್ತಾನೆ.

ಜೂನ್

ಮಳೆ ಹಿಡಿಯುವ ಮುಂಚೆ ಆಲೂರು ಕಡೆ ನಮ್ಮ ಹಳ್ಳಿ ಮನೆಯ ಹೆಂಚು ಕೈಯಾಡಿಸುತ್ತಿದ್ದರು, ಇಬ್ಬರನ್ನೂ ಕರೆದುಕೊಂಡು ಹೋಗಿದ್ದೆ. ದೂರದ ಜಗಲಿ ಮೇಲೆ ಕೂರಿಸಿ 'ನೋಡಿ' ಅಂದೆ. ಕೆಳಗಿನವನು ಮಂಗಳೂರು ಹೆಂಚನ್ನು ಮೇಲಕ್ಕೆ ತೂರುತ್ತಾನೆ, ಏಣಿ ಮೇಲಿನವನು ತೆಗೆದುಕೊಳ್ಳುತ್ತಾನೆ. ಎರಡು ಕೆಜಿ ಮೇಲಿರುವ ಹೆಂಚು, ಒಂದು ಸದ್ದಿಲ್ಲ. ಅವನ ಕೈ ಹೆಂಚಿಗೆ ಎದುರು ಹೋಗಲ್ಲ, ಹೆಂಚಿನ ಜೊತೆಗೇ ಒಂದು ಗೇಣು ಮೇಲಕ್ಕೆ ಹೋಗಿ, ಅದು ಇನ್ನೇನು ನಿಂತಿತು ಅನ್ನುವಾಗ ಬೆರಳು ಮುಚ್ಚುತ್ತೆ. ಹೈಸ್ಕೂಲಿನಲ್ಲಿ ಓದಿದ್ದು ಇದನ್ನೇ: ನಿಲ್ಲಿಸಲು ಜಾಸ್ತಿ ಹೊತ್ತು ತಗೊಂಡರೆ ಕೈಗೆ ಬೀಳುವ ಪೆಟ್ಟು ಕಡಿಮೆ. ಅಕ್ಕನ ಮಗ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಅವತ್ತಿನಿಂದ ನಮ್ಮ ಮನೆಯಲ್ಲಿ 'ಹೆಂಚಣ್ಣನ ಥರ' ಅಂದರೆ ಕೈ ಹಿಂದಕ್ಕೆ ತಗೊಳ್ಳೋದು. ಅವನಿಗೆ ಹಸಿ ಮೊಟ್ಟೆ ಕ್ಯಾಚು ಕೂಡ ಆಡಿಸಿದೆ, ಮೂರು ಮೊಟ್ಟೆ ಹೋಯಿತು, ನಾಲ್ಕನೇದು ಉಳೀತು. ಅವ್ವ ಎರಡು ದಿನ ಮಾತಾಡಲಿಲ್ಲ.

ಸ್ಕೂಲು ಶುರು, ಮಳೆಯೂ ಶುರು. ಚೀಲ ತಾರಸಿಯಲ್ಲೇ ಮರೆತುಬಿಟ್ಟೆ. ನಾಲ್ಕು ದಿನ ಬಿಟ್ಟು ಹೋಗಿ ನೋಡಿದರೆ ಹೊಲಿಗೆ ಸಂದಿಯಿಂದ ಬಿಳೀ ಮೊಳಕೆ ಇಣುಕುತ್ತಿದೆ. ಹೊಸ ಚೀಲ ಹೊಲಿಸಬೇಕಾಯಿತು.

ಜುಲೈ

ಇದು ಚೆಂಡಿನ ಕಥೆಯಲ್ಲ, ಮಜ್ಜಿಗೆ ಲೋಟದ್ದು. ಊಟಕ್ಕೆ ಕೂತಾಗ ಪುಟ್ಟಿಗೆ ಸ್ಟೀಲ್ ಲೋಟ ಕೊಟ್ಟೆ, ನೆಲಕ್ಕೆ ಬಿತ್ತು. ಬೈದೆ. ಆಮೇಲೆ ಯೋಚಿಸಿದರೆ, ಅವಳು ಹಿಡಿಯುವ ಮುಂಚೆ ನಾನು ಬಿಟ್ಟಿದ್ದೆ. ಎಸೆದು ಹಿಡಿಯೋದಕ್ಕೆ ಇಷ್ಟು ತಲೆ ಕೆಡಿಸಿಕೊಂಡವನು, ಕೈಯಿಂದ ಕೈಗೆ ಕೊಡೋದರ ಬಗ್ಗೆ ಯೋಚನೆಯೇ ಮಾಡಿರಲಿಲ್ಲ.

ಈಗ ನಮ್ಮಲ್ಲಿ ಪದ್ಧತಿ ಹೀಗಿದೆ: ಅವಳು ಒಂದು ಕೈ ಲೋಟದ ತಳಕ್ಕೆ, ಇನ್ನೊಂದು ಪಕ್ಕಕ್ಕೆ ಇಡುತ್ತಾಳೆ. ನಾನು "ಬಿಡ್ಲಾ?" ಅಂತೀನಿ. ಅವಳು ಒಂಚೂರು ತನ್ನ ಕಡೆ ಎಳೆದು "ಬಿಡಪ್ಪಾ" ಅಂತಾಳೆ. ಆಗ ಬಿಡೋದು. ಆ ಸಣ್ಣ ಎಳೆತವೇ ನಿಜವಾದ ಗುರುತು, ಬಾಯಲ್ಲಿ ಎಲ್ಲಾದಕ್ಕೂ 'ಹ್ಞೂ' ಅಂದುಬಿಡುತ್ತಾರೆ ಮಕ್ಕಳು. ಲೋಟ ಅರ್ಧಕ್ಕಿಂತ ಮೇಲೆ ತುಂಬಲ್ಲ. ಬಿಸಿ ಕಾಫಿ, ಸಾರು ಕೈಗೆ ಕೊಡೋದೇ ಇಲ್ಲ, ಟೇಬಲ್ ಮೇಲೆ ಇಡೋದು. ಕತ್ತರಿ ಕೊಡುವಾಗ ಬಾಯಿ ಮುಚ್ಚಿ, ಅಲಗು ನನ್ನ ಮುಷ್ಟಿಯಲ್ಲಿ, ಹಿಡಿ ಅವಳ ಕಡೆ. ಅವ್ವ ಚಾಕು, ಉಪ್ಪು ಯಾವತ್ತೂ ಕೈಗೆ ಕೊಟ್ಟವಳಲ್ಲ, 'ಜಗಳ ಆಗುತ್ತೆ' ಅಂತ ಕೆಳಗಿಡುತ್ತಾಳೆ. ಉಪ್ಪಿನದು ಏನೋ, ಚಾಕು ಮಾತ್ರ ಕೆಳಗಿಟ್ಟು ಎತ್ತಿಕೊಳ್ಳೋದೇ ಮಕ್ಕಳಿರೋ ಮನೆಗೆ ಸರಿ.

ಜುಲೈ ಕೊನೆ

ಎದೆ ಝಲ್ಲೆಂದ ದಿನ. ಅಡುಗೆಮನೆ ಕಟ್ಟೆಯಿಂದ ಚಾಕು ಜಾರಿತು, ಪಕ್ಕದಲ್ಲಿದ್ದ ಪುಟ್ಟಿ ಬೊಗಸೆ ಒಡ್ಡಿದಳು! ಎರಡು ತಿಂಗಳು ನಾನೇ ಕಲಿಸಿದ ಬೊಗಸೆ. ಚಾಕು ಅವಳ ಕೈ ತಪ್ಪಿಸಿ ನೆಲಕ್ಕೆ ಬಿತ್ತು, ನಮ್ಮ ಪುಣ್ಯ. ಬೀಳೋದನ್ನೆಲ್ಲ ಹಿಡಿಯಬೇಕು ಅಂತ ಆ ಮಗು ತಿಳಿದುಕೊಂಡಿದ್ದರೆ ತಪ್ಪು ಯಾರದು?

ಅವತ್ತೇ ಆಟ ಬದಲಾಯಿಸಿದೆ. ರಾಗಿ ಚೀಲ ಎಸೆಯುತ್ತಾ 'ಹಿಡಿ' ಅಂದರೆ ಹಿಡಿಯಬೇಕು, 'ಬಿಡು' ಅಂದರೆ ಎರಡೂ ಕೈ ಬೆನ್ನ ಹಿಂದೆ, ಒಂದು ಹೆಜ್ಜೆ ಹಿಂದಕ್ಕೆ ಹಾರಬೇಕು. ಮೊದಲ ದಿನ ಹತ್ತು 'ಬಿಡು'ವಿಗೆ ಏಳು ಸಲ ಹಿಡಿದೇಬಿಟ್ಟಳು. ಆಮೇಲೆ ಮಾತು ಬಿಟ್ಟು, ಕಟ್ಟೆ ಮೇಲಿಂದ ಸೌಟು, ಮರದ ಚಮಚ ಬೀಳಿಸುತ್ತಾ ಆಡಿಸಿದೆ. ನಾನು ಎಸೆದರೆ ಹಿಡಿಯೋದು, ತಾನಾಗೇ ಬಿದ್ದರೆ ಬಿಡೋದು. ಎರಡು ವಾರ ಹಿಡಿಯಿತು.

ಆಗಸ್ಟ್, ಎರಡನೇ ವಾರ

ಈಗಿನ ಲೆಕ್ಕ: ರಾಗಿ ಚೀಲ, 6 ಅಡಿ, ಹತ್ತಕ್ಕೆ ಎಂಟು. ದೊಡ್ಡ ರಬ್ಬರ್ ಚೆಂಡು, ಒಂದು ಪುಟ ಬಿದ್ದು ಬಂದರೆ ಹತ್ತಕ್ಕೆ ಏಳು. ಟೆನಿಸ್ ಬಾಲು ಹತ್ತಕ್ಕೆ ಮೂರು, ಅದೂ ಎದೆಗೆ ಅವಚಿಕೊಂಡು. ಮುಖ ತಿರುಗಿಸೋದು ಪೂರ್ತಿ ಹೋಗಿಲ್ಲ, ಎತ್ತರಕ್ಕೆ ಬಂದರೆ ಈಗಲೂ ಕಣ್ಣು ಮುಚ್ಚುತ್ತಾಳೆ. ಎತ್ತರಕ್ಕೆ ಎಸೆಯಲ್ಲ, ಮುಗೀತು.

'ಬಿಡು' ಹತ್ತಕ್ಕೆ ಹತ್ತು. ಜಾಸ್ತಿ ಖುಷಿ ಆಗಿದ್ದು ಅದಕ್ಕೇ. ಮೊನ್ನೆ ಗಾಜಿನ ಬಾಟಲಿ ಉರುಳಿದಾಗ ಮೊದಲು ಹಿಂದಕ್ಕೆ ಹಾರಿದ್ದು ಅವಳು, ಕೈ ಚಾಚಿ ಬೆರಳು ಕುಯ್ದುಕೊಂಡಿದ್ದು ನಾನು.

ನಿನ್ನೆ ಅಕ್ಕನ ಫೋನಿನಿಂದ ಅವಳ ಮಗ ಮಾತಾಡಿದ. ದಸರಾ ರಜೆಗೆ ಬರ್ತಾನಂತೆ. "ಮಾವ, ಲೆದರ್ ಬಾಲ್ ತರ್ಲಾ?" ಬರೋವಾಗ ಅರ್ಧ ಕೆಜಿ ರಾಗಿ ತಗೊಂಡು ಬಾ ಅಂದೆ. ಫೋನ್ ಇಟ್ಟುಬಿಟ್ಟ.