28,232ಕ್ಕೆ ನಿಂತ ಗ್ರಾಫ್

ಸರ್ವರ್ ಬರೆಯಲು ಗೋ, ನೋಡ್, ಎಲಿಕ್ಸಿರ್: ಯಾವುದೆಂದು ತೀರ್ಮಾನಿಸಲು ಮೂರು ವಾರ ಮೀಟಿಂಗ್. ವೆಬ್‌ಸಾಕೆಟ್ ಸರ್ವರ್ (ಬಳಕೆದಾರನ ಜೊತೆ ಸದಾ ತೆರೆದಿರುವ ಕನೆಕ್ಷನ್), ಗುರಿ 50,000 ಕನೆಕ್ಷನ್. ಗೋ ಗೆದ್ದಿತು. ಲೆಕ್ಕವೂ ತಪ್ಪಿರಲಿಲ್ಲ: ಕನೆಕ್ಷನ್ನಿಗೆ ಎರಡು ಗೋರೂಟೀನ್ (ಗೋದ ಹಗುರ ಥ್ರೆಡ್), ಆರಂಭದ ಸ್ಟ್ಯಾಕ್ ಮೆಮೊರಿ ತಲಾ 2 ಕೆಬಿ, ಓದಲು, ಬರೆಯಲು ತಲಾ 4 ಕೆಬಿ ಬಫರ್. ಒಟ್ಟು 12 ಕೆಬಿ, 50,000ಕ್ಕೆ ಸುಮಾರು 600 ಎಂಬಿ. 8 ಜಿಬಿ ಮಷೀನಿಗೆ ಇದೇನು ಭಾರ?

ಪ್ರೊಡಕ್ಷನ್ನಿನಲ್ಲಿ ಕನೆಕ್ಷನ್ನುಗಳ ಗ್ರಾಫ್ 28,000 ದಾಟಿದ್ದೇ ಅಡ್ಡ ಮಲಗಿತು. ಸಿಪಿಯು ಆರಾಮ, ಮೆಮೊರಿ ಆರಾಮ, ಹೊಸದಾಗಿ ಬಂದವರಿಗೆ ಮಾತ್ರ 502 (ಪ್ರಾಕ್ಸಿಗೆ ಹಿಂದಿನ ಸರ್ವರ್ ಸಿಗದಿದ್ದಾಗಿನ ಎರರ್). ಯುಲಿಮಿಟ್ (ಒಂದು ಪ್ರೋಗ್ರಾಂ ತೆರೆಯಬಹುದಾದ ಫೈಲ್, ಕನೆಕ್ಷನ್ನುಗಳ ಮಿತಿ) 1024ರಲ್ಲೇ ಉಳಿದಿದೆಯೇನೋ ಅಂದರೆ ಅದನ್ನು ಮೊದಲೇ ಏರಿಸಿಯಾಗಿತ್ತು. ಗೋ ಸರ್ವರಿನ ಮುಂದೆ ನಿಂತು ಕನೆಕ್ಷನ್ ದಾಟಿಸುವ ಪ್ರಾಕ್ಸಿ ಎಂಜಿನ್‌ಎಕ್ಸ್‌ನಲ್ಲಿ ವರ್ಕರ್ ಕನೆಕ್ಷನ್ಸ್ ಮಿತಿ ಕೂಡ ಸಾಕಷ್ಟಿತ್ತು (ಪ್ರಾಕ್ಸಿಯಲ್ಲಿ ಒಬ್ಬ ಬಳಕೆದಾರನಿಗೆ ಎರಡು ಕನೆಕ್ಷನ್ ಖರ್ಚು, ಅದನ್ನೂ ಲೆಕ್ಕಕ್ಕೆ ಹಿಡಿದಾಗಿತ್ತು). ಇಪ್ಪತ್ತು ನಿಮಿಷ ಎಲ್ಲರೂ ಗೋ ಪ್ರೊಫೈಲರ್ ನೋಡುತ್ತ ಕೂತೆವು. ಉತ್ತರ ಎಂಜಿನ್‌ಎಕ್ಸ್‌ನ ಎರರ್ ಲಾಗಿನಲ್ಲಿತ್ತು: ಎರರ್ 99, ಕೇಳಿದ ವಿಳಾಸ ಕೊಡಲಾಗದು.

ಎಂಜಿನ್‌ಎಕ್ಸ್ ಹಿಂದಿನ ಗೋ ಸರ್ವರಿಗೆ ಹೋಗುವಾಗ ಪ್ರತಿ ಕನೆಕ್ಷನ್ನಿಗೂ ತನ್ನ ಕಡೆ ಒಂದು ಪೋರ್ಟ್ (ಕನೆಕ್ಷನ್ನಿನ ತುದಿಯ ನಂಬರು) ಬೇಕು. ಲಿನಕ್ಸ್ ಡೀಫಾಲ್ಟ್ 32768ರಿಂದ 60999, ಅಂದರೆ 28,232 ಪೋರ್ಟು. ಎದುರಿನ ಐಪಿ, ಪೋರ್ಟ್ ಎರಡೂ ಒಂದೇ ಆಗಿದ್ದರೆ ಅಲ್ಲಿಗೆ ಗೋಡೆ. ಹಿಂದೆ ಎಲಿಕ್ಸಿರ್ ಇದ್ದಿದ್ದರೂ ಇದೇ ಗತಿ. ಲೋಡ್ ಟೆಸ್ಟ್ ಪಾಸಾಗಿದ್ದು ಹೇಗೆ ಅಂತೀರಾ? ಸ್ಕ್ರಿಪ್ಟು ಎಂಜಿನ್‌ಎಕ್ಸ್ ಬಿಟ್ಟು ನೇರ ಗೋ ಪೋರ್ಟಿಗೆ, ಮೂರು ಮಷೀನಿನಿಂದ ಬಡಿಯುತ್ತಿತ್ತು. ಅದನ್ನು ಪಾಸ್ ಅಂದವರಲ್ಲಿ ನಾನೂ ಒಬ್ಬ.

ಅದಕ್ಕಿಂತ ದೊಡ್ಡ ತಪ್ಪು ಆಮೇಲಿನದು: ಗಾಬರಿಯಲ್ಲಿ ಎಂಜಿನ್‌ಎಕ್ಸ್ ರೀಸ್ಟಾರ್ಟ್. ಇದ್ದಬದ್ದವರೆಲ್ಲ ಕಳಚಿ ಬಿದ್ದರು. ಆ್ಯಪಿನಲ್ಲಿ ಮರುಪ್ರಯತ್ನದ ಅಂತರ ಸರಿಯಾಗಿ 1 ಸೆಕೆಂಡ್, ಹಾಗಾಗಿ ಎಲ್ಲರೂ ಒಟ್ಟಿಗೆ ಬಾಗಿಲು ತಟ್ಟಿದರು. ಟಿಎಲ್‌ಎಸ್ ಹ್ಯಾಂಡ್‌ಶೇಕಿಗೇ (ಎನ್‌ಕ್ರಿಪ್ಷನ್ ಶುರುಮಾಡುವ ಮಾತುಕತೆ) ಸಿಪಿಯು ಪೂರ್ತಿ; ಅರ್ಧದಲ್ಲಿ ಟೈಮ್‌ಔಟ್ ಆದವರು ಮತ್ತೆ ಸಾಲಿಗೆ. ಈಗ ಅಂತರ 1, 2, 4 ಎಂದು 30 ಸೆಕೆಂಡಿನವರೆಗೆ ದುಪ್ಪಟ್ಟಾಗುತ್ತದೆ, ಆ ಮಿತಿಯೊಳಗೆ ರ‍್ಯಾಂಡಮ್ ಆಗಿ ಕಾಯುತ್ತದೆ.

ಪರಿಹಾರಕ್ಕೆ ಕೋಡ್ ಮುಟ್ಟಬೇಕಾಗಲಿಲ್ಲ. ಗೋ ಅದೇ ಮಷೀನಿನಲ್ಲಿ 0.0.0.0ಕ್ಕೆ, ಅಂದರೆ ಮಷೀನಿನ ಎಲ್ಲ ವಿಳಾಸಗಳಿಗೂ, ಕಿವಿಗೊಟ್ಟಿತ್ತು. ಎಂಜಿನ್‌ಎಕ್ಸ್‌ನ ಅಪ್‌ಸ್ಟ್ರೀಮಿನಲ್ಲಿ (ಹಿಂದಿನ ಸರ್ವರುಗಳ ಪಟ್ಟಿ) 127.0.0.1ರಿಂದ 127.0.0.4ರವರೆಗೆ ನಾಲ್ಕು ಸಾಲು ಬರೆದು ರೀಲೋಡ್: 1,12,928 ಪೋರ್ಟು. ಬೇರೆ ಬೇರೆ ಮಷೀನಾದರೆ ಗೋ ಸರ್ವರನ್ನು ನಾಲ್ಕು ಪೋರ್ಟಿನಲ್ಲಿ ತೆರೆಯಿರಿ. ಪೋರ್ಟ್ ರೇಂಜನ್ನು 1024ರಿಂದ ಶುರುಮಾಡುವುದೂ ಆಗುತ್ತದೆ, ಆದರೆ ಯಾವುದೋ ಸರ್ವಿಸ್ ರೀಸ್ಟಾರ್ಟ್ ಆಗುವಾಗ ಅದರ ಪೋರ್ಟನ್ನು ಇನ್ನಾರೋ ಹಿಡಿದಿರುತ್ತಾರೆ. ಅಂಥವನ್ನು ಮೊದಲೇ ರಿಸರ್ವ್ ಮಾಡಿಡಬೇಕು.

ಪ್ರಾಕ್ಸಿ ರೀಡ್ ಟೈಮ್‌ಔಟ್ ಡೀಫಾಲ್ಟ್ 60 ಸೆಕೆಂಡ್, ಅಷ್ಟು ಹೊತ್ತು ಸರ್ವರಿನಿಂದ ಏನೂ ಬರದಿದ್ದರೆ ಕನೆಕ್ಷನ್ ಕಡಿಯುತ್ತದೆ; ಸರ್ವರಿನ ಪಿಂಗ್ 25 ಸೆಕೆಂಡಿಗೊಮ್ಮೆ ಇರಲಿ. ರೀಲೋಡ್ ಮಾಡಿದಾಗ ಹಳೆಯ ವರ್ಕರುಗಳು ತಮ್ಮ ಕೊನೆಯ ಕನೆಕ್ಷನ್ ಹೋಗುವವರೆಗೂ ಸಾಯುವುದಿಲ್ಲ. ದಿನಕ್ಕೆ ರೀಲೋಡ್ ಸಹಿತ ಐದು ಡಿಪ್ಲಾಯ್ ಆದರೆ ಐದು ತಲೆಮಾರು ಮೆಮೊರಿಯಲ್ಲಿ ಕೂತಿರುತ್ತದೆ. ವರ್ಕರ್ ಶಟ್‌ಡೌನ್ ಟೈಮ್‌ಔಟ್ ಕೊಡಿ.

ಬಳಕೆಯಲ್ಲಿರುವ ಪೋರ್ಟುಗಳ ಎಣಿಕೆಯನ್ನು ಡ್ಯಾಶ್‌ಬೋರ್ಡಿಗೆ ಸೇರಿಸಲು ಹಾಕಿದ ಟಿಕೆಟ್ ಇನ್ನೂ ಓಪನ್ನೇ. ಪ್ರಯಾರಿಟಿ: ಲೋ.