ಆಸನದ ಕೆಳಗಿನ ದೇವರು

ಈ ಸಲದ ಕೂರ್ಮ ಜಯಂತಿಯ ಬೆಳಿಗ್ಗೆ ಪೂಜೆಗೆ ಕುಳಿತು ಆಸನಮಂತ್ರದ ವಿನಿಯೋಗ, ಅಂದರೆ ಆ ಮಂತ್ರದ ಋಷಿ, ಛಂದಸ್ಸು, ದೇವತೆಯನ್ನು ನೆನೆಯುವ ಮಾತು, ಹೇಳುತ್ತಿದ್ದೆ. ‘ಕೂರ್ಮೋ ದೇವತಾ’ ಎಂಬಲ್ಲಿಗೆ ಬಂದಾಗ ನಾಲಿಗೆ ನಿಂತುಬಿಟ್ಟಿತು. ಎಷ್ಟೋ ವರ್ಷಗಳಿಂದ ಗಡಿಬಿಡಿಯಲ್ಲಿ ದಾಟಿ ಹೋಗುತ್ತಿದ್ದ ಮಾತು ಅದು.

ಅಜ್ಜ ಮಾತ್ರ ಎಂದೂ ಹಾಗೆ ದಾಟಿದವರಲ್ಲ. ಆ ಎರಡು ಪದ ಬಂದಾಗ ಬಲಗೈಯನ್ನು ಚಾಪೆಯಡಿ ತೂರಿಸಿ, ಅಂಗೈಯನ್ನು ನೆಲಕ್ಕೆ ಒತ್ತಿ, ಕಣ್ಣು ಮುಚ್ಚುತ್ತಿದ್ದರು. ಏಕೆಂದು ಕೇಳಿದರೆ, “ಹೊತ್ತವನಿಗೆ ಹೇಳಿ ಕೂರಬೇಕು ಮಗು” ಎನ್ನುತ್ತಿದ್ದರು. ಅಷ್ಟೇ. ಆಮೇಲೆ ಮಂತ್ರ ಮುಂದುವರಿಯುತ್ತಿತ್ತು.

ಸಮುದ್ರಮಥನದಲ್ಲಿ ಕಡೆಗೋಲಾದ ಮಂದರ ಪರ್ವತ ಬೆನ್ನಿನ ಮೇಲೆ ತಿರುಗುವಾಗ, ಕೂರ್ಮನಾಗಿ, ಅಂದರೆ ಆಮೆಯಾಗಿ ಅದನ್ನು ಹೊತ್ತ ಭಗವಂತನಿಗೆ ಅದು ಮೈ ತುರಿಸಿದಷ್ಟು ಹಿತವಾಯಿತು ಎನ್ನುತ್ತದೆ ಭಾಗವತದ ಎಂಟನೆಯ ಸ್ಕಂಧ. ಇದನ್ನು ನಾನು ಬರಿಯ ಅಲಂಕಾರವೆಂದುಕೊಂಡಿದ್ದೆ. ಆದರೆ ಆಮೆಯ ಚಿಪ್ಪು ಹೊದ್ದುಕೊಂಡ ಕವಚವಲ್ಲ. ಬೆನ್ನೆಲುಬು, ಪಕ್ಕೆಲುಬುಗಳು ಅದರಲ್ಲೇ ಬೆಸೆದುಕೊಂಡಿವೆ, ನರಗಳಿವೆ, ಮುಟ್ಟಿದ್ದು ಅದಕ್ಕೆ ತಿಳಿಯುತ್ತದೆ. ಅಂದರೆ ಸ್ವಾಮಿ ಕಲ್ಲಿನಂತೆ ಮರಗಟ್ಟಿ ಹೊತ್ತದ್ದಲ್ಲ. ಪ್ರತಿ ಸುತ್ತನ್ನೂ ಮೈಯಲ್ಲಿ ಅನುಭವಿಸುತ್ತ ಹೊತ್ತ.

ಅಂಥ ಬೆನ್ನಿನ ಜೀವಿಯನ್ನು ಅದೃಷ್ಟದ ಆಸೆಗೆ ತಂದು ಕೂಡಿಹಾಕುತ್ತಾರಲ್ಲ, ಸಂಕಟವಾಗುತ್ತದೆ. ಹಾಗೆ ತರುವ ನಕ್ಷತ್ರ ಆಮೆ, ಚಿಪ್ಪಿನ ಮೇಲೆ ನಕ್ಷತ್ರದಂಥ ಗೆರೆಗಳಿರುವ ಆಮೆ, ನೆಲದ ಜೀವಿ, ಹುಲ್ಲು ಮೇಯುವ ಜೀವಿ. ನೀರಿನ ತೊಟ್ಟಿ ಅದಕ್ಕೆ ಮನೆಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದನ್ನು ಹಿಡಿದು ಸಾಕುವುದು ಅಪರಾಧ. ಕಾಯ್ದೆ ಇಲ್ಲದಿದ್ದರೂ, ಕೂರ್ಮನಿಗೆ ಕೈಮುಗಿಯುವವರಿಗೆ ಇದನ್ನು ಹೇಳಿಕೊಡಬೇಕೇ?

ತಾಯಿ ಆಮೆ ದೂರದಿಂದ ನೆನೆದೇ ಮರಿಗಳನ್ನು ಪೊರೆಯುತ್ತದೆ, ಶಿಷ್ಯನನ್ನು ನೆನೆದೇ ಅನುಗ್ರಹಿಸುವ ಗುರುವಿನ ಸ್ಮರಣದೀಕ್ಷೆಯೂ ಹಾಗೆಯೇ ಎಂದು ಹಿರಿಯರು ಹೇಳುವುದುಂಟು. ಕಡಲಾಮೆ ಮರಳಿನಲ್ಲಿ ನೂರರಷ್ಟು ಮೊಟ್ಟೆಯಿಟ್ಟು, ಮುಚ್ಚಿ, ಮತ್ತೆ ತಿರುಗಿ ಬಾರದೆ ನೀರಿಗಿಳಿಯುತ್ತದೆ. ಕಾವು ಕೊಡುವುದು ಮರಳಿನ ಬಿಸಿ. ಆದರೆ ಅಲ್ಲಿ ಹುಟ್ಟಿದ ಹೆಣ್ಣುಮರಿ ಬೆಳೆದು, ಭೂಮಿಯ ಕಾಂತಶಕ್ತಿಯ ಜಾಡು ಹಿಡಿದು, ಹುಟ್ಟಿದ ತೀರದ ಕಡೆಗೇ ಮೊಟ್ಟೆಯಿಡಲು ಬರುತ್ತದೆ. ಹಾಗಾದರೆ ನೆನಪು ಮರಿಯಲ್ಲೂ ಉಳಿದಿರುತ್ತದೆ ಎಂದು ನನಗೆ ಆ ಬೆಳಿಗ್ಗೆ ಅನ್ನಿಸಿತು.

ಕೈಯನ್ನು ಚಾಪೆಯಡಿ ತೂರಿಸಿದೆ. ನೆಲ ತಣ್ಣಗಿತ್ತು. ಅಂಗೈಯನ್ನು ಅಜ್ಜನ ಹಾಗೆಯೇ ಒತ್ತಿ, ‘ಕೂರ್ಮೋ ದೇವತಾ’ ಎಂದು ಮೊದಲಿನಿಂದ ಹೇಳಿದೆ.