ಹನ್ನೆರಡೂವರೆಯ ಲೆಕ್ಕ

ಡೀಸೆಲ್ ಕಾರು ಲೀಟರಿಗೆ ಹನ್ನೆರಡೂವರೆ ಕಿಲೋಮೀಟರ್ ಮಾತ್ರ ಕೊಡುತ್ತಿದೆ ಅಂತ ಶಿರಸಿಯಲ್ಲಿ ಬಾಯಿಬಿಟ್ಟರೆ ಸಾಕು, ಎಲ್ಲರ ಹತ್ತಿರವೂ ಒಂದೊಂದು ಮದ್ದು ರೆಡಿ ಇರುತ್ತದೆ. ಟ್ಯಾಂಕಿಗೆ ಇಂಥ ಬಾಟಲಿ ಸುರಿಯಿರಿ ಅಂತ ಒಬ್ಬರು. ಇಂಜಿನ್ನಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಸರ್ವಿಸ್ ಮಾಡಿಸಿ ಅಂತ ಇನ್ನೊಬ್ಬರು. ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಹೋಗಿದೆ ಅಂತ ಮತ್ತೊಬ್ಬರು, ಅದೂ ಕಾರನ್ನು ನೋಡದೆಯೇ. "ಎಲ್ಲಿಂದ ಎಲ್ಲಿಗೆ ಓಡಿಸಿ ಲೆಕ್ಕ ಹಾಕಿದ್ದು?" ಅಂತ ಮಾತ್ರ ಯಾರೂ ಕೇಳುವುದಿಲ್ಲ.

ನನ್ನ ಕೆಲಸ ಕಾರವಾರದಲ್ಲಿ, ಮನೆ ಶಿರಸಿ ಹತ್ತಿರದ ಹಳ್ಳಿಯಲ್ಲಿ. ವಾರದ ಕೊನೆಗೆ ಅಂಕೋಲಾ, ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತಿ ಮನೆಗೆ ಹೋಗುವುದು, ಸೋಮವಾರ ಬೆಳಗ್ಗೆ ಇಳಿಯುವುದು. ಬಸ್ಸಿನ ಸಹವಾಸ ಸಾಕಾಗಿ ಹಳೇ ಕಾರು ತೆಗೆದುಕೊಂಡೆ. 2012ರ ಮಾಡೆಲ್, 1248 ಸಿಸಿ ಡೀಸೆಲ್. ಫಿಯಟ್‌ನ ಮಲ್ಟಿಜೆಟ್ ಇಂಜಿನ್ ಅಂದರೆ ಕಾರಿನ ಹುಚ್ಚಿದ್ದವರಿಗೆ ಗೊತ್ತಾಗುತ್ತದೆ. ಒಂದು ಕಾಲಕ್ಕೆ ಮಾರುತಿ, ಟಾಟಾ ಅಂತ ಎಷ್ಟೋ ಕಾರುಗಳ ಬಾನೆಟ್ ಕೆಳಗೆ ಇದ್ದದ್ದು ಇದೇ. 2020ರ ಏಪ್ರಿಲ್‌ನಲ್ಲಿ ಹೊಗೆ ಮಾಲಿನ್ಯದ ಬಿಎಸ್-6 ನಿಯಮ ಬಂದಾಗ ಇದರ ಕಾಲ ಮುಗಿಯಿತು. 2012ರಲ್ಲಿ ಡೀಸೆಲ್ ಪೆಟ್ರೋಲಿಗಿಂತ ಲೀಟರಿಗೆ ಇಪ್ಪತ್ತು ರೂಪಾಯಿಗಿಂತ ಜಾಸ್ತಿ ಅಗ್ಗ ಇತ್ತು. ಹಾಗಾಗಿ ಊರಿಗೆ ಊರೇ ಡೀಸೆಲ್ ಕಾರು ಬುಕ್ ಮಾಡಿತ್ತು. 2014ರ ಅಕ್ಟೋಬರ್‌ನಲ್ಲಿ ಸರ್ಕಾರ ಡೀಸೆಲ್ ದರವನ್ನು ಮಾರುಕಟ್ಟೆಗೆ ಬಿಟ್ಟಿತು. ಈಗ ಆ ಅಂತರ ಮೊದಲಿನಷ್ಟಿಲ್ಲ. ಹಳೇ ಡೀಸೆಲ್ ಕಾರು ಇಟ್ಟುಕೊಳ್ಳಲಿಕ್ಕೆ ಇರುವ ಒಂದೇ ಕಾರಣ ಮೈಲೇಜು. ಅದೇ ಇಲ್ಲ ಅಂದರೆ?

ಕಾರು ಕೊಟ್ಟವರು ಒಳ್ಳೆಯ ಮನುಷ್ಯರು. ಕೋಡಿಬಾಗದಲ್ಲಿ ಮನೆ. ಕಾಳಿ ನದಿ ಸಮುದ್ರ ಸೇರುವ ಕಡೆ, ಗಾಳಿ ಬೀಸಿದರೆ ತುಟಿಗೆ ಉಪ್ಪು ಹತ್ತುವ ಜಾಗ. ಮಗ ವಿದೇಶಕ್ಕೆ ಹೋದ ಮೇಲೆ ಕಾರು ಅಂಗಳದಲ್ಲೇ ನಿಂತಿತ್ತು. "ಎಷ್ಟೇ ಘಟ್ಟ ಹತ್ತಿಸಿ, ಇದರ ಇಂಜಿನ್ ಬಿಸಿ ಆಗೋದೇ ಇಲ್ಲ ನೋಡಿ" ಅಂತ ಹೆಮ್ಮೆಯಿಂದ ಹೇಳಿದರು. ಈ ಮಾತು ನೆನಪಿರಲಿ.

ನಮ್ಮ ಅಪ್ಪನಿಗೆ ಕಾರಿನ ಬಣ್ಣ, ಸೀಟು ಯಾವುದೂ ಬೇಡ. ಅಂಗಳಕ್ಕೆ ಬಂದು ನಿಂತ ಕೂಡಲೇ ಒಂದೇ ಪ್ರಶ್ನೆ: "ಎಷ್ಟ್ ಕೊಡ್ತು ತಮಾ?"

ಅದನ್ನು ಸರಿಯಾಗಿ ಅಳೆಯುವುದೇ ಒಂದು ಕೆಲಸ. ಐನೂರು ರೂಪಾಯಿ ಹಾಕಿಸಿ ಮುಳ್ಳು ಎಲ್ಲಿಗೆ ಬಂತು ಅಂತ ನೋಡುವುದು ಲೆಕ್ಕವೇ ಅಲ್ಲ. ಟ್ಯಾಂಕ್ ಫುಲ್ ಮಾಡಿಸಬೇಕು. ನಾಜಲ್ ತಾನಾಗಿ ಟಕ್ ಅಂದ ಕೂಡಲೇ ನಿಲ್ಲಿಸಬೇಕು. ಬಂಕಿನ ಹುಡುಗ ರೌಂಡ್ ಫಿಗರ್ ಮಾಡಲಿಕ್ಕೆ ಇನ್ನೊಂದಿಷ್ಟು ಒತ್ತುತ್ತಾನೆ, ಬೇಡ ಅನ್ನಬೇಕು. ಓಡಿಸಿ ಬಂದು ಅದೇ ಬಂಕಿನಲ್ಲಿ, ಆದಷ್ಟು ಅದೇ ಪಂಪಿನಲ್ಲಿ, ಮತ್ತೆ ಟಕ್ ಅನ್ನುವವರೆಗೆ ಹಾಕಿಸಬೇಕು. ಎರಡನೇ ಸಲ ಹಿಡಿದ ಲೀಟರ್‌ಗಳಿಂದ ಓಡಿದ ಕಿಲೋಮೀಟರನ್ನು ಭಾಗಿಸಬೇಕು. ಕಾರವಾರದವರು ಕಡಿಮೆ ದರಕ್ಕೆ ಗೋವಾ ಗಡಿ ದಾಟಿ ಎಣ್ಣೆ ತುಂಬಿಸುವುದು ಹಳೇ ರೂಢಿ. ಅಳೆಯುವಾಗ ಮಾತ್ರ ಆ ಆಸೆ ಬಿಡಬೇಕು.

ಘಟ್ಟದ ಕೆಳಗೆ ಕೆಲಸ, ಘಟ್ಟದ ಮೇಲೆ ಮನೆ ಇರುವ ನಮ್ಮಂಥವರಿಗೆ ಇನ್ನೊಂದು ಸಮಸ್ಯೆ ಇದೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ. ಇಬ್ಬರು ಕೂತ ಕಾರಿನ ತೂಕ ಸುಮಾರು 1200 ಕಿಲೋ. ಅಷ್ಟನ್ನು ಅಷ್ಟು ಮೇಲಕ್ಕೆ ಎತ್ತಲಿಕ್ಕೆ ಬೇಕಾದ ಶಕ್ತಿ 7 ಮೆಗಾಜೂಲ್ ಆಸುಪಾಸು. ಒಂದು ಲೀಟರ್ ಡೀಸೆಲ್‌ನಲ್ಲಿ ಇರುವುದು ಸುಮಾರು 36 ಮೆಗಾಜೂಲ್. ಅದರಲ್ಲಿ ಮೂರರಲ್ಲೊಂದು ಪಾಲು ಚಕ್ರಕ್ಕೆ ಸಿಕ್ಕಿದರೆ ದೊಡ್ಡದು, ಉಳಿದದ್ದು ಶಾಖವಾಗಿ ಹೋಗುತ್ತದೆ. ಅಂದರೆ ದೂರದ ಲೆಕ್ಕ ಬಿಟ್ಟು, ಬರೀ ಎತ್ತರಕ್ಕೇ ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ ಬೇಕು. ಕುಮಟಾದಿಂದ ಶಿರಸಿಗೆ 60 ಕಿಲೋಮೀಟರ್ ಹಾದಿ. ಅದೊಂದನ್ನೇ ಅಳೆದರೆ ಯಾವ ಕಾರೂ ಕೆಟ್ಟ ಕಾರೇ. ಇಳಿಯುವಾಗ ಅಳೆದರೆ ಯಾವ ಕಾರೂ ಚಿನ್ನ. ಹೋಗಿ ಬಂದದ್ದನ್ನು ಸೇರಿಸಿಯೇ ಲೆಕ್ಕ ಹಾಕಬೇಕು.

ಇಳಿಯುವ ಮಾತು ಬಂತಲ್ಲ, ಒಂದು ಹೇಳಿಬಿಡುತ್ತೇನೆ. ದೇವಿಮನೆಯಲ್ಲಿ ನ್ಯೂಟ್ರಲ್ ಮಾಡಿಕೊಂಡು ಇಳಿಯುವವರು ಈಗಲೂ ಇದ್ದಾರೆ, ಉಳಿತಾಯ ಅಂತೆ. ಇಂಥ ಕಾಮನ್ ರೈಲ್ ಇಂಜಿನ್‌ನಲ್ಲಿ (ರೈಲ್ ಅಂದರೆ ಎಲ್ಲ ಇಂಜೆಕ್ಟರ್‌ಗಳಿಗೂ ಭಾರೀ ಒತ್ತಡದಲ್ಲಿ ಡೀಸೆಲ್ ಕೊಡುವ ಒಂದೇ ಕೊಳವೆ) ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ಸಿಂಪಡಣೆ ಪೂರ್ತಿ ನಿಲ್ಲುತ್ತದೆ, ಚಕ್ರವೇ ಇಂಜಿನ್ನನ್ನು ತಿರುಗಿಸುತ್ತದೆ. ನ್ಯೂಟ್ರಲ್ ಮಾಡಿದರೆ ಐಡ್ಲಿಂಗಿಗೆ ಎಣ್ಣೆ ಉರಿಯಲೇಬೇಕು. ಇಂಜಿನ್ನನ್ನೇ ಆಫ್ ಮಾಡುವವರಿಗೆ ಕೈ ಮುಗಿಯಬೇಕು. ಅದು ನಿಂತರೆ ಬ್ರೇಕ್ ಬೂಸ್ಟರಿಗೆ ವ್ಯಾಕ್ಯೂಮ್ ಕೊಡುವ ಪಂಪೂ ನಿಲ್ಲುತ್ತದೆ. ಎರಡು ಮೂರು ಸಲ ಒತ್ತಿದ ಮೇಲೆ ಪೆಡಲ್ ಕಲ್ಲಾಗುತ್ತದೆ.

ಹೀಗೆ ಹೋಗಿ ಬಂದು ಅಳೆದಾಗಲೂ ಹನ್ನೆರಡೂವರೆಯೇ ಬಂತು. ಈ ದಾರಿಗೆ ಹದಿನೇಳು ಹದಿನೆಂಟಾದರೂ ಬರಬೇಕಿತ್ತು.

ಕಾರವಾರದ ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಬಾನೆಟ್ ಎತ್ತಿ ಶಬ್ದ ಕೇಳಿದರು, ತಲೆ ಆಡಿಸಿದರು. "ನಾಲ್ಕೂ ಇಂಜೆಕ್ಟರ್ ಹೋಗಿದಾವೆ." ಹೇಳಿದ ರೇಟು ಕಾರಿಗೆ ನಾನು ಕೊಟ್ಟ ಬೆಲೆಯ ಕಾಲು ಭಾಗದ ಹತ್ತಿರ ಇತ್ತು. ಯಾವ ಟೆಸ್ಟ್ ಮಾಡಿದಿರಿ ಅಂತ ಕೇಳಿದ್ದಕ್ಕೆ ಅನುಭವ ಅಂದರು. ಅನುಭವಕ್ಕೆ ನಮಸ್ಕಾರ ಹೇಳಿ ಬಂದೆ.

ಕುಮಟಾದಲ್ಲಿ ಒಬ್ಬರು ಮೇಸ್ತ್ರಿ ಇದ್ದಾರೆ. ಬೇಲೆಕೇರಿ ಬಂದರಿಗೆ ಅದಿರಿನ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ಕಾಲದಲ್ಲಿ ಕೈ ಪಳಗಿಸಿಕೊಂಡವರು. ಈಗ ಕಾರೂ ನೋಡುತ್ತಾರೆ. ಇಂಜೆಕ್ಟರ್ ಕತೆ ಕೇಳಿ ನಕ್ಕರು. "ಹೋಗಿದ್ರೆ ಹೋಗಿದೆ ಅಂತ ಅದೇ ಹೇಳ್ತದೆ ಭಟ್ರೇ, ನಾವ್ಯಾಕೆ ಹೇಳೋದು" ಅಂದು ಒಳಗಿಂದ ನಾಲ್ಕು ಸಣ್ಣ ನೀರಿನ ಬಾಟಲಿ ತಂದರು, ಮದುವೆ ಮನೆಯಲ್ಲಿ ಕೊಡುತ್ತಾರಲ್ಲ, ಅಂಥದ್ದು. ಪ್ರತಿ ಇಂಜೆಕ್ಟರ್‌ನಿಂದಲೂ ಮಿಕ್ಕ ಡೀಸೆಲ್ ವಾಪಸ್ ಹೋಗಲಿಕ್ಕೆ ಒಂದು ಸಣ್ಣ ರಿಟರ್ನ್ ಪೈಪ್ ಇರುತ್ತದೆ. ಅದನ್ನು ಬಿಡಿಸಿ, ನಾಲ್ಕಕ್ಕೂ ಪ್ಲಾಸ್ಟಿಕ್ ನಳಿಕೆ ಸಿಕ್ಕಿಸಿ, ಒಂದೊಂದು ಬಾಟಲಿಗೆ ಇಳಿಬಿಟ್ಟರು. ಇಂಜಿನ್ ಶುರು ಮಾಡಿ ಸ್ವಲ್ಪ ಹೊತ್ತು ಬಿಟ್ಟರು. ಒಳಗೆ ಸವೆದ ಇಂಜೆಕ್ಟರ್ ಇದ್ದರೆ ಅದರ ಬಾಟಲಿ ಬೇರೆಯವಕ್ಕಿಂತ ಬೇಗ ತುಂಬುತ್ತದೆ. ನಮ್ಮ ನಾಲ್ಕೂ ಬಾಟಲಿಯಲ್ಲಿ ಡೀಸೆಲ್ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂತು. ಮೂರನೆಯದು ಒಂದು ಗೆರೆ ಮೇಲೆ, ಅಷ್ಟೇ. ಪರೀಕ್ಷೆಯ ಖರ್ಚು ನಾಲ್ಕು ಖಾಲಿ ಬಾಟಲಿ. ರಿಟರ್ನ್ ಸರಿ ಇದ್ದ ಮಾತ್ರಕ್ಕೆ ಇಂಜೆಕ್ಟರಿನ ನಾಜಲ್ ಪೂರ್ತಿ ಸರಿ ಅಂತಲ್ಲ. ಆದರೆ ಹೊಗೆ ಇಲ್ಲ, ಬೆಳಗ್ಗೆ ಒಂದೇ ಸೆಲ್ಫ್‌ಗೆ ಶುರುವಾಗುತ್ತದೆ, ಐಡ್ಲಿಂಗ್ ನಡುಗುವುದಿಲ್ಲ. ಇಷ್ಟೆಲ್ಲ ಇದ್ದಾಗ ಇಂಜೆಕ್ಟರ್ ಮೇಲೆ ಕೈ ಹಾಕಲಿಕ್ಕೆ ಕಾರಣವೇ ಇಲ್ಲ ಅಂದರು.

ಹಳೇ ಕಾಲದ ಡೀಸೆಲ್‌ನಲ್ಲಿ ಇಂಜಿನ್ ಓಡುತ್ತಿರುವಾಗಲೇ ಪ್ರೆಶರ್ ಪೈಪಿನ ನಟ್ ಸಡಿಲ ಮಾಡಿ ಯಾವ ಸಿಲಿಂಡರ್ ಸೋಮಾರಿ ಅಂತ ನೋಡುತ್ತಿದ್ದರು. ಕಾಮನ್ ರೈಲ್‌ನಲ್ಲಿ ಆ ಸಾಹಸ ಮಾಡಬಾರದು. ಟೈರಿನಲ್ಲಿ ಇರುವುದು ಎರಡು ಚಿಲ್ಲರೆ ಬಾರ್ ಒತ್ತಡ. ರೈಲ್‌ನಲ್ಲಿ ಅದು ಸಾವಿರ ಬಾರ್ ದಾಟುತ್ತದೆ. ಕೂದಲೆಳೆ ಗಾತ್ರದ ಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ನೋಡಿದರೆ ಚುಕ್ಕಿಯಷ್ಟು ಗಾಯ, ಒಳಗೆ ಆಪರೇಷನ್ ಮಾಡಿಸಬೇಕಾಗುವಂಥ ಪೆಟ್ಟು. ಮೇಸ್ತ್ರಿ ಹತ್ತಿರ ನಿಂತ ಹುಡುಗನಿಗೆ ಇದನ್ನೇ ಬೈದು ಹೇಳಿದರು.

ಟರ್ಬೊ ಪೈಪುಗಳನ್ನು ಕೈಯಲ್ಲಿ ಹಿಚುಕಿ ನೋಡಿದರು. ಒಡೆದಿದ್ದರೆ ಎಣ್ಣೆ ಜಿನುಗಿರುತ್ತದೆ, ಏರಿನಲ್ಲಿ ಕಪ್ಪು ಹೊಗೆ ಬರುತ್ತದೆ. ಎರಡೂ ಇಲ್ಲ. ಏರ್ ಫಿಲ್ಟರಿನಲ್ಲಿ ಘಟ್ಟದ ರಸ್ತೆ ಕೆಲಸದ ಕೆಂಪು ಮಣ್ಣು ಹಿಡಿ ತುಂಬ ಇತ್ತು. ಬದಲಿಸಿದೆವು, ಎಳೆತ ಚೂರು ಚುರುಕಾಯಿತು. ಮೈಲೇಜು ಕದಲಲಿಲ್ಲ.

ಅಲ್ಲಿಂದ ಮುಂದೆ ಸುಳಿವು ಸಿಕ್ಕಿದ್ದು ಗ್ಯಾರೇಜಿನಲ್ಲಿ ಅಲ್ಲ, ಮಳೆಯಲ್ಲಿ.

ಜುಲೈ ತಿಂಗಳ ಸಂಜೆ. ದೇವಿಮನೆ ಹತ್ತಿರ ಮಂಜು ಹೇಗೆ ಇಳಿಯುತ್ತದೆ ಅಂತ ಆ ದಾರಿಯವರಿಗೆ ಗೊತ್ತು. ಎದುರಿನ ಬಸ್ಸು ಬರುವುದು ಲೈಟಿನಿಂದ ಅಲ್ಲ, ಹಾರ್ನಿನಿಂದ ಗೊತ್ತಾಗಬೇಕು. ಒಳಗಿನಿಂದ ಗಾಜಿಗೆ ಆವಿ ಹಿಡಿಯಿತು. ಎಸಿ ಹಾಕಿದರೆ ಹೊರಗಿನಿಂದ ಹಿಡಿಯುತ್ತದೆ. ಪಕ್ಕದಲ್ಲಿ ಹೆಂಡತಿ ಟವೆಲ್ ಹಿಡಿದು ನನ್ನ ಕಡೆಯ ಗಾಜನ್ನು ಒರೆಸುತ್ತಾ "ಹೀಟರ್ ಹಾಕಬಾರದಾ?" ಅಂದಳು. ಹಾಕಿದೆ. ಘಟ್ಟದ ಅರ್ಧ ಹತ್ತಿದ ಇಂಜಿನ್. ಬಂದ ಗಾಳಿ ಉಗುರು ಬೆಚ್ಚಗೂ ಇಲ್ಲ. ಹೀಟರಿಗೆ ಬಿಸಿ ಬರುವುದು ಇಂಜಿನ್ನಿನ ಕೂಲಂಟ್ ನೀರಿನಿಂದ. ಅಷ್ಟು ದುಡಿದ ಇಂಜಿನ್ನಿನ ನೀರು ತಣ್ಣಗೆ ಯಾಕಿದೆ?

ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸುವ ಬ್ಲೂಟೂತ್ ಸ್ಕ್ಯಾನರ್ ಆನ್‌ಲೈನಲ್ಲಿ ಅಗ್ಗಕ್ಕೆ ಸಿಗುತ್ತದೆ. ಫೋನಿನಲ್ಲಿ ಕೂಲಂಟ್ ಶಾಖ ನೋಡುತ್ತಾ ಬಂದೆವು. ಹೈವೇಯಲ್ಲಿ 62, 64 ಡಿಗ್ರಿ. ಏರಿನಲ್ಲಿ ಒಮ್ಮೆ 70 ಮುಟ್ಟಿತು. ಇಳಿಯುವಾಗ ಐವತ್ತರ ಮೆಟ್ಟಿಲಿಗೆ ಬಂತು. ಇರಬೇಕಾದದ್ದು 85ರ ಮೇಲೆ. ಕೊಟ್ಟವರ ಹೆಮ್ಮೆಯ ಮಾತಿನ ಅರ್ಥ ಆಗ ಬಿಚ್ಚಿಕೊಂಡಿತು. ಬಿಸಿ ಆಗದ ಇಂಜಿನ್ ಇನ್ನೂ ಚಳಿಯಲ್ಲೇ ಇದ್ದೇನೆ ಅಂದುಕೊಂಡು ಓಡುತ್ತಿರುತ್ತದೆ. ಇಂಜಿನ್ನಿನ ಕಂಪ್ಯೂಟರ್ ಅದಕ್ಕೆ ತಕ್ಕ ಹಾಗೆ ಡೀಸೆಲ್ ಜಾಸ್ತಿ ಕೊಡುತ್ತದೆ, ಆಯಿಲ್ ದಪ್ಪಗೇ ಇದ್ದು ಎಳೆತಕ್ಕೆ ಅಡ್ಡ ಬರುತ್ತದೆ.

ಮೇಸ್ತ್ರಿ ಥರ್ಮೋಸ್ಟಾಟ್ ಹೌಸಿಂಗ್ ಬಿಚ್ಚಿದರು. ಇಂಜಿನ್ ಬಿಸಿಯಾಗುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ವು ಇರುವ ಡಬ್ಬ ಅದು. ವಾಲ್ವು ತೆರೆದು ಅಂಟಿಕೊಂಡಿರಬಹುದು ಅಂದುಕೊಂಡಿದ್ದೆವು. ಒಳಗೆ ವಾಲ್ವೇ ಇರಲಿಲ್ಲ! ಯಾರೋ ಕಿತ್ತು ಬಿಸಾಡಿ ಖಾಲಿ ಡಬ್ಬ ಕೂರಿಸಿದ್ದರು. "ಲಾರಿಗೆ ನಾವೇ ಹೀಗೆ ಮಾಡ್ತಿದ್ವು" ಅಂದರು ಮೇಸ್ತ್ರಿ, ಸಂಕೋಚವಿಲ್ಲದೆ. "ಘಟ್ಟದಲ್ಲಿ ಕಾಯ್ದು ನಿಲ್ಲಬಾರ್ದು ಅಂತ. ಆಗಿನ ಇಂಜಿನ್ ಸುಮ್ನೆ ತಡ್ಕೊಳ್ತಿತ್ತು." ಹೊಸ ಹೌಸಿಂಗ್ ಹುಬ್ಬಳ್ಳಿಯಿಂದ ತರಿಸಿದೆವು. ಅದು ಬಂದ ಮೇಲೆ ಶಾಖ 88ರ ಹತ್ತಿರ ಹೋಗಿ ಅಲ್ಲೇ ನಿಂತಿತು. ಮೈಲೇಜು ಹದಿನಾಲ್ಕಕ್ಕೆ ಬಂತು. ಆದರೂ ಎಲ್ಲೋ ತಿನ್ನುತ್ತಿದೆ.

ಮುಂದಿನ ಸಲ ಹಟ್ಟಿಕೇರಿ ಟೋಲ್ ದಾಟಿ ಅಂಕೋಲಾದ ಸಮತಟ್ಟಾದ ಹೈವೇಯಲ್ಲಿ, ಹಿಂದೆ ಯಾವ ಗಾಡಿಯೂ ಇಲ್ಲದಾಗ, ಎಡಬದಿಯಲ್ಲಿ ಕ್ಲಚ್ ಒತ್ತಿ ಸುಮ್ಮನೆ ಬಿಟ್ಟು ನೋಡಿದೆ. ಕಾರು ತೇಲಿಕೊಂಡು ಹೋಗಲಿಲ್ಲ, ಬೇಗ ಕುಗ್ಗಿತು. ಕುಮಟಾ ತಲುಪುವಾಗ ಕೊನೆಯ ಒಂದೆರಡು ಕಿಲೋಮೀಟರ್ ಬ್ರೇಕ್ ಆದಷ್ಟು ಮುಟ್ಟದೆ ಬಂದು ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ಮೇಸ್ತ್ರಿ ಕೊರೊನಾ ಕಾಲದ ಥರ್ಮಾಮೀಟರ್ ಗನ್ ತಂದು ಚಕ್ರಕ್ಕೆ ಹಿಡಿದರು. ಅದು ಮನುಷ್ಯನ ಜ್ವರಕ್ಕೆ ಮಾಡಿದ್ದು, ನಾಲ್ಕೂ ಚಕ್ರಕ್ಕೆ 'ಹೈ' ಅಂತ ತೋರಿಸಿ ಕೂತಿತು. ಅದನ್ನು ಬದಿಗಿಟ್ಟು, ಬೆರಳು ಅದ್ದಿ ಡಿಸ್ಕಿನ ಮೇಲೆ ನೀರು ಚಿಮುಕಿಸಿದರು. ಮುಂದಿನ ಬಲಗಡೆ ಹನಿಗಳು ಹರಡಿಕೊಂಡು ನಿಧಾನ ಆರಿದವು. ಎಡಗಡೆ ಚೊಂಯ್ ಅಂತ ಹಾರಿಹೋದವು. ಹಿಂದಿನ ಬಲ ಡ್ರಮ್ಮೂ ಹಾಗೇ.

ಜಾಕ್ ಕೊಟ್ಟು ಎತ್ತಿ ಕೈಯಲ್ಲಿ ತಿರುಗಿಸಿದರೆ ಎಡಚಕ್ರ ಅರ್ಧ ಸುತ್ತಿಗೆ ನಿಂತಿತು. ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರುವ ಎರಡು ಪಿನ್ನುಗಳಲ್ಲಿ ಕೆಳಗಿನದು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ರಬ್ಬರ್ ಬೂಟ್ ಹರಿದು ಉಪ್ಪುಗಾಳಿ ಒಳಗೆ ಹೋಗಿತ್ತು. ಸುತ್ತಿಗೆ, ಸೀಮೆಎಣ್ಣೆ, ಒಂದಷ್ಟು ಬೈಗುಳ ಸೇರಿ ಅದು ಹೊರಗೆ ಬಂತು. ಮೈಮೇಲೆಲ್ಲ ಕಂದು ಹೊಪ್ಪಳೆ. ಒಳಗಿನ ಪ್ಯಾಡ್ ಓರೆಯಾಗಿ ಸವೆದು ಒಂದು ಕಡೆ ನಾಣ್ಯದಷ್ಟು ದಪ್ಪ, ಇನ್ನೊಂದು ಕಡೆ ಬರೀ ತಗಡು. ಹಿಂದಿನ ಚಕ್ರದ್ದು ಹ್ಯಾಂಡ್‌ಬ್ರೇಕ್ ಕೇಬಲ್. ತಿಂಗಳುಗಟ್ಟಲೆ ಎಳೆದಿಟ್ಟ ಹ್ಯಾಂಡ್‌ಬ್ರೇಕ್‌ನಲ್ಲಿ ಸಮುದ್ರದ ಪಕ್ಕ ನಿಂತರೆ ಕೇಬಲ್ ತನ್ನ ಕವಚದೊಳಗೇ ತುಕ್ಕು ಹಿಡಿಯುತ್ತದೆ. ಕೆಳಗೆ ಬಿಟ್ಟರೂ ಪೂರ್ತಿ ವಾಪಸ್ ಬರುವುದಿಲ್ಲ. ಕಾರವಾರದಲ್ಲಿ ಕಾರು ಬಹಳ ದಿನ ನಿಲ್ಲಿಸುವುದಿದ್ದರೆ ಗೇರ್‌ನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡುವುದೇ ವಾಸಿ.

ಪಿನ್ನು, ಪ್ಯಾಡು, ಕೇಬಲ್ ಬದಲಾದ ಮೇಲೆ ಮೈಲೇಜು ಹದಿನೇಳರ ಹತ್ತಿರ ಬಂತು. ಘಟ್ಟದ ತಿರುವಿನಲ್ಲಿ ಬರುತ್ತಿದ್ದ ಸುಟ್ಟ ವಾಸನೆಯೂ ಹೋಯಿತು. ಅದು ಮುಂದೆ ಹೋಗುವ ಲಾರಿಯದ್ದು ಅಂತಲೇ ಮನೆಯವರೆಲ್ಲ ಮೂಗು ಮುಚ್ಚಿಕೊಳ್ಳುತ್ತಿದ್ದರು.

ಉಳಿದ ಚೂರು ಡೀಸೆಲ್‌ನದ್ದೇ ಅಲ್ಲ. ಕಾರಿಗೆ ಕಂಪನಿ ಕೊಟ್ಟ ಟೈರು 165 ಮಿಲಿಮೀಟರ್ ಅಗಲದ್ದು. ಹಿಂದಿನವರ ಮಗ ಶೋಕಿಗೆ 195ರ ಅಗಲದ ದೊಡ್ಡ ಟೈರು, ಅಲಾಯ್ ಹಾಕಿಸಿದ್ದ. ಚಕ್ರದ ಸುತ್ತಳತೆ ದೊಡ್ಡದಾದರೆ ಒಂದು ಸುತ್ತಿಗೆ ಕಾರು ಜಾಸ್ತಿ ದೂರ ಹೋಗುತ್ತದೆ, ಮೀಟರಿಗೆ ಅದು ಗೊತ್ತಾಗುವುದಿಲ್ಲ. ಫೋನಿನ ಜಿಪಿಎಸ್ ಇಟ್ಟು ಹೋಲಿಸಿದರೆ ಮೀಟರ್ ನೂರಕ್ಕೆ ಎರಡೂವರೆಯಷ್ಟು ಕಡಿಮೆ ತೋರಿಸುತ್ತಿತ್ತು. ಹದಿನೇಳು ಅಂದದ್ದು ನಿಜವಾಗಿ ಹದಿನೇಳೂವರೆ ಹತ್ತಿರ. ಅಗಲ ಟೈರು ರಸ್ತೆಗೆ ಅಂಟಿಕೊಂಡು ತಿನ್ನುವುದು ಬೇರೆ.

ಅಪ್ಪನಿಗೆ ಹದಿನೇಳೂವರೆ ಅಂದೆ. "ಹಂಗಾರೆ ಡಿಕ್ಕಿಲಿ ಎರಡು ಚೀಲ ಅಡಕೆ ಹಾಕ್ಲಕ್ಕು" ಅಂದ. ಒಂದು ಚೀಲಕ್ಕೆ ಒಪ್ಪಿದೆ. ಟೈರು ಸದ್ಯ ಬದಲಿಸುವುದಿಲ್ಲ, ಇನ್ನೊಂದು ಮಳೆಗಾಲಕ್ಕೆ ಆಗುವಷ್ಟು ಗ್ರಿಪ್ ಇದೆ. 2027ಕ್ಕೆ ಕಾರಿಗೆ ಹದಿನೈದು ವರ್ಷ ತುಂಬುತ್ತದೆ, ಆರ್‌ಸಿ ನವೀಕರಣಕ್ಕೆ ಆರ್‌ಟಿಒ ಮುಂದೆ ನಿಲ್ಲಿಸಬೇಕು. ಅಷ್ಟರೊಳಗೆ ಹಳೇ ಅಳತೆಯ ನಾಲ್ಕು ಟೈರು ಹಾಕಿಸಿ, ಅದೇ ಬಂಕಿನಲ್ಲಿ ಟಕ್ ಅನ್ನುವವರೆಗೆ ತುಂಬಿಸಿ, ಇನ್ನೊಮ್ಮೆ ಲೆಕ್ಕ ಹಾಕುವುದಿದೆ.